ಬೋಣಿಗೆಯ ಹೊತ್ತು

ನನ್ನ ಗಂಡ ಕಾಶಿನಾಥನನ್ನು ಮಣ್ಣು ಮಾಡಲು ಬಂದ ನೆಂಟರೆಲ್ಲ ಹೊರಟುಹೋಗಿ, ಮನೆಯಲ್ಲಿ ನಾವಷ್ಟೇ ಉಳಿದ ಮೊದಲ ಬೆಳಗು ಅದು. ನಲ್ಲಿಗೆ ನೀರು ಬಂತು. ಹಾಲು ಬಂತು. ಕಾಯಿಪಲ್ಯದ ಗಾಡಿಯವನು ನಮ್ಮ ಬಾಗಿಲ ಮುಂದೆಯೇ ನಿಂತು ಕೂಗಿದ. ಬುಟ್ಟಿ ಹಿಡಿದು ಹೊರಟ ನನ್ನ ಸೆರಗನ್ನು ಅತ್ತೆ ಅಕ್ಕವ್ವ ಹಿಂದಿನಿಂದ ಹಿಡಿದರು.

"ತಡಿ. ಬಾಜೂದವ್ರು ತಗೊಳ್ಳಲಿ."

ಯಾಕೆಂದು ಕೇಳಲಿಲ್ಲ. ಆ ದಿನಗಳಲ್ಲಿ ನಾನು ಯಾವುದಕ್ಕೂ ಯಾಕೆಂದು ಕೇಳುತ್ತಿರಲಿಲ್ಲ. ಬಾಜೂ ಮನೆಯ ಭಾಗ್ಯಾ ಮೆಂತ್ಯದ ಸೂಡು ಕೊಂಡಳು. ಆಮೇಲೆ ನಾನು ಬದನೆಕಾಯಿ ತಂದೆ.

ಪಡಸಾಲೆಯಲ್ಲಿ ಹೊಲಿಗೆ ಮಷಿನ್ನು ಇತ್ತು. ನಮ್ಮದಲ್ಲ, ತುಕ್ಕಾನಟ್ಟಿಯಲ್ಲಿ ಲಾರಿಗೆ ಹೊದಿಸುವ ತಾಡಪತ್ರಿ ಹೊಲಿಯುವ ದುರ್ಗಪ್ಪನವರದು. ಗೋಕಾಕದ ಕರದಂಟಿನ ಅಂಗಡಿಗಳಿಗೆ ನಾವು ದಪ್ಪ ಬಟ್ಟೆಯ ಚೀಲ ಹೊಲಿದು ಕೊಡುತ್ತೇವೆ. ಕತ್ತರಿಸುವುದು, ಹೊಲಿಯುವುದು ನನ್ನ ಕೆಲಸ. ಅಂಗಡಿ ಅಂಗಡಿ ತಿರುಗುವುದು ಕಾಶಿನಾಥನದಾಗಿತ್ತು. ನಮ್ಮ ಮಷಿನ್ನು ಕೆಟ್ಟಾಗ, ಹೊಸದು ಕೊಳ್ಳುವ ತನಕ ಎಂದು ಅವನು ಇದನ್ನು ಕೇಳಿ ತಂದಿದ್ದ. ಹೊಸದನ್ನು ನೋಡಲು ಹೋಗುವ ಮೊದಲೇ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರೇಲರಿಗೆ ಅವನ ಬೈಕು ಬಡಿಯಿತು.

ದುರ್ಗಪ್ಪನವರು ಮಣ್ಣಿಗೆ ಬಂದಿದ್ದರು. ಮಷಿನ್ನಿನ ಮಾತು ಎತ್ತಲಿಲ್ಲ. ಅವರ ಅನ್ನ ನಮ್ಮ ಪಡಸಾಲೆಯಲ್ಲಿತ್ತು. ಅದನ್ನು ಕೊಟ್ಟುಬಿಟ್ಟರೆ ಚೀಲದ ಕೆಲಸ ನಿಲ್ಲುತ್ತಿತ್ತು. ಹೊಸದನ್ನು ಕೊಳ್ಳಲೇಬೇಕಿತ್ತು, ಅದೂ ಕೆಡದಂಥದ್ದು. ಕೆಟ್ಟರೆ ಇನ್ನೊಬ್ಬರ ಹತ್ತಿರ ಕೇಳಿ ತರುವವರು ಈಗ ಇರಲಿಲ್ಲ.

ಹುಕ್ಕೇರಿಯಿಂದ ನಮ್ಮಣ್ಣ ಫೋನಿನಲ್ಲಿ ಉಷಾ ಕಂಪನಿಯದು ತಗೋ ಎಂದ. ಮೈದುನ ಲಕ್ಷ್ಮಣ ಸಿಂಗರ್ ಎಂದ. ಯಾವ ಕಂಪನಿಯದಾದರೇನು, ನಿನಗೆ ಹೊತ್ತು ಹೋದರೆ ಸಾಕಲ್ಲ ಎಂದಳು ಭಾಗ್ಯಾ. ನಾನು ಚೀಲದ ಬಟ್ಟೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡೆ. ಹಿಡಿಕೆ ಕೂಡುವಲ್ಲಿ ಅಷ್ಟು ದಪ್ಪ ಬರುತ್ತದೆ. ದಾರ ಹರಿಯದೆ ಅದನ್ನು ಹೊಲಿದ ಮಷಿನ್ನು ಯಾವುದೋ, ಅದೇ ಒಳ್ಳೆಯ ಕಂಪನಿ.

ಮೂಡಲಗಿಯಿಂದ ಮೊದಲ ಬಸ್ಸಿಗೇ ಹೋಗೋಣವೆಂದೆ. ಊಟ ಮಾಡಿಕೊಂಡು ಹೋದರಾಯಿತು ಎಂದು ಲಕ್ಷ್ಮಣ ಮತ್ತೆ ಮತ್ತೆ ಹೇಳಿದ. ನಾನು ಕೇಳಲಿಲ್ಲ.

ಗೋಕಾಕದಲ್ಲಿ ಮುರಿಗೆಪ್ಪ ಎಂಬವರ ಮಷಿನ್ನಿನ ಅಂಗಡಿ. ಆಗಷ್ಟೇ ಶಟರ್ ಎತ್ತಿ, ಬಸವಣ್ಣನ ಫೋಟೊಗೆ ಊದಿನಕಡ್ಡಿ ಬೆಳಗುತ್ತಿದ್ದರು. ಅವರ ಹಣೆಯ ಮೇಲೂ ವಿಭೂತಿ, ನನ್ನ ಹಣೆಯ ಮೇಲೂ ವಿಭೂತಿ. ನನ್ನದರ ಕೆಳಗೆ ಕುಂಕುಮವಿರಲಿಲ್ಲ, ಅಷ್ಟೇ. ಲಕ್ಷ್ಮಣ ನನ್ನ ಗುರುತು ಹೇಳಿದ. ಅವರು ಲೊಚಗುಟ್ಟಿದರು, ಕುರ್ಚಿ ಕೊಟ್ಟರು, ನೀರು ಕೊಟ್ಟರು. ಮಷಿನ್ನು ಮಾತ್ರ ತೋರಿಸಲಿಲ್ಲ. ಕೇಳಿದರೆ, ಧೂಳು ಒರೆಸಬೇಕು ಎಂದರು. ಮತ್ತೆ ಕೇಳಿದರೆ, ಗಾಲಿಗೆ ಪಟ್ಟಾ ಹಾಕಬೇಕು ಎಂದರು.

ಲಕ್ಷ್ಮಣ ಎದ್ದು ಗಲ್ಲಾದ ಹತ್ತಿರ ಹೋಗಿ ಒಂದು ಪಾಕೀಟು ಸೂಜಿ ಕೇಳಿದ. ಮುರಿಗೆಪ್ಪ ಅವನ ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಒಳಗೆ ಹಾಕಿದರು. ಕೂಡಲೇ ಮಷಿನ್ನುಗಳ ಮೇಲಿನ ಹೊದಿಕೆ ಸರಿಯಿತು.

ಎರಡು ನಾನು ಹೆಸರು ಕೇಳಿರದ ಕಂಪನಿಯವು. ಒಂದರಲ್ಲಿ ದಾರ ಹರಿಯಿತು, ಇನ್ನೊಂದು ನಡುನಡುವೆ ಹೊಲಿಗೆ ಬಿಟ್ಟಿತು. ಹಳೆಯ ಕಂಪನಿಯ ಮೂರನೆಯದು ನಾಲ್ಕು ಮಡಿಕೆಯ ಮೇಲೆ ತಡವರಿಸದೆ ಹೋಯಿತು. ಬಿಡಿ ಸಾಮಾನು ಇಲ್ಲೇ ಸಿಗುತ್ತದೆ, ರಿಪೇರಿಗೆ ಮೂಡಲಗಿಗೆ ನಾವೇ ಬರುತ್ತೇವೆ ಎಂದರು ಮುರಿಗೆಪ್ಪ. ಇದೇ ಸರಿ ಎಂದು ತಲೆ ಎತ್ತಿದಾಗ ಲಕ್ಷ್ಮಣನ ಕೈಯಲ್ಲಿದ್ದ ಪಾಕೀಟು ಕಂಡಿತು. ಕೈಹೊಲಿಗೆಯ ಸೂಜಿ. ನಮ್ಮ ಮನೆಯಲ್ಲಿ ಅಂಥವು ಡಬ್ಬಿ ತುಂಬ ಇವೆ.

"ಸೂಜಿ ಯಾಕ ತಗೊಂಡಿ?" ಎಂದೆ.

ಅವನು ಬೀದಿಯ ಕಡೆ ನೋಡಿದ. ಉತ್ತರ ಕೊಟ್ಟವರು ಮುರಿಗೆಪ್ಪ.

"ತಪ್ಪ ತಿಳ್ಕೋಬ್ಯಾಡ್ರಿ ತಂಗಿ. ಬೋಣಿಗಿ ವ್ಯಾಳ್ಯಾ ಇತ್ತು. ನಿಮ್ಮ ಮೈದುನ ತಿಳದಾವ್ರು."

ಬೋಣಿಗೆ, ದಿನದ ಮೊದಲ ವ್ಯಾಪಾರ, ಗಂಡ ಸತ್ತ ನನ್ನ ಕೈಯಿಂದ ಆಗಬಾರದಿತ್ತು. ಗಾಡಿಯವನ ಮುಂದೆ ಅತ್ತೆ ಸೆರಗು ಹಿಡಿದದ್ದು ಆಗ ಅರ್ಥವಾಯಿತು. ಕಾಶಿನಾಥ ಹೋದ ಮೇಲೆ ಮೊದಲ ಸಲ ನನ್ನ ಮೈ ಬಿಸಿಯಾಯಿತು. ಬಟ್ಟೆಯ ತುಂಡನ್ನು ಮಡಿಚಿಕೊಂಡು ಎದ್ದು ಬಂದೆ.

ಬಸ್ಸಿನಲ್ಲಿ ಲಕ್ಷ್ಮಣ ಸೂಜಿಯ ಪಾಕೀಟನ್ನು ಕೈಯಲ್ಲಿ ತಿರುವುತ್ತ ಕೂತಿದ್ದ.

"ನಿಮ್ಮ ಮಾನ ಉಳೀಲಿ ಅಂತ ಮಾಡಿದ್ನಿ, ವೈನಿ. ಅವ್ರು ಬಾಯಿಬಿಟ್ಟು ಅಂದಿದ್ರ ಛಲೋ ಇತ್ತೇನು?"

"ನೀ ಉಳಿಸಿದ್ದು ಅವರ ಗಲ್ಲಾದ ಮಾನ. ಆ ಪಾಕೀಟ ಇಲ್ಲಿ ಕೊಡು."

ಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಕೇಳಿದರು. ಅವರಿಗೆ ಆಶ್ಚರ್ಯವಾದದ್ದು ನನ್ನ ಸಿಟ್ಟು ಕಂಡು.

"ಇದಕ್ಕ ಇಷ್ಟ್ಯಾಕ? ನಿಮ್ಮ ಮಾವಾರು ಹೋದಾಗಿಂದ ನಾ ಯಾರ ಅಂಗಡೀನೂ ಮೊದಲ ಹತ್ತಿಲ್ಲ."

ಮದುವೆಯಾಗಿ ಬಂದಾಗಿನಿಂದ ಬೆಳಗಿನ ಸಾಮಾನಿಗೆಲ್ಲ ಅವರು ನನ್ನನ್ನೇ ಕಳಿಸುತ್ತಿದ್ದರು. ಸೊಸೆಯ ಮೇಲಿನ ನಂಬಿಕೆ ಎಂದುಕೊಂಡಿದ್ದೆ. ನಮ್ಮ ಗೋಡೆಯ ಮೇಲೂ ಅದೇ ಬಸವಣ್ಣನ ಫೋಟೊ ಇದೆ. ಹುಟ್ಟಿಗೆ ಸೂತಕವಿಲ್ಲ, ಸಾವಿಗೆ ಸೂತಕವಿಲ್ಲ ಎಂದು ನಮಗೆ ಚಿಕ್ಕಂದಿನಲ್ಲೇ ಕಲಿಸುತ್ತಾರೆ. ನಾನು ಎಂ.ಎ. ಪಾಸಾದ ಮೇಲೂ ಅದನ್ನು ನಂಬಿಕೊಂಡೇ ಇದ್ದೆ. ಹಾಗಾದರೆ ನನ್ನ ಕೈಗೆ ಅಂಟಿದ್ದು ಏನು? ಅತ್ತೆಯ ಕೈಗೆ ಇಷ್ಟು ವರ್ಷ ಅಂಟಿಕೊಂಡಿದ್ದು ಏನು?

ಬೇರೆ ಅಂಗಡಿ ನೋಡೋಣ ಎಂದ ಲಕ್ಷ್ಮಣ. ಬೇಡವೆಂದೆ. ಆ ಮಷಿನ್ನು ನನ್ನ ಬಟ್ಟೆ ಹೊಲಿದಿತ್ತು. ಅದರಲ್ಲಿ ದೋಷವಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಒಬ್ಬಳೇ ಹೋದೆ. ಶಟರ್ ಎತ್ತುತ್ತಿದ್ದ ಮುರಿಗೆಪ್ಪ ನನ್ನ ಹಿಂದೆ ಯಾರಾದರೂ ಗಂಡಸರಿದ್ದಾರೆಯೇ ಎಂದು ನೋಡಿದರು. ಗಲ್ಲಾದ ಮೇಲೆ ಹಣ ಇಟ್ಟೆ. ಪಕ್ಕದಲ್ಲಿ ಸೂಜಿಯ ಪಾಕೀಟನ್ನೂ ಇಟ್ಟೆ.

"ನಿನ್ನಿ ನಾ ಹೊಲಿದು ನೋಡಿದ ಮಷಿನ್ ಕೊಡ್ರಿ. ಈ ಸೂಜಿ ನಮಗ ಬ್ಯಾಡ."

"ಕುಂದರ್ರಿ, ಚಾ ಹೇಳ್ತೀನಿ."

"ಚಾ ಬ್ಯಾಡ್ರಿ. ಬೋಣಿಗಿ ಮಾಡಾಕ ಬಂದೇನಿ. ಒಲ್ಲೆ ಅನ್ನೂದಿದ್ರ, ಆ ಫೋಟೊದ ಕಡೆ ತಿರುಗಿ ಒಲ್ಲೆ ಅನ್ರಿ."

ಅವರು ತಿರುಗಲಿಲ್ಲ. ಬೀದಿಯಲ್ಲಿ ಬೇರೆ ಗಿರಾಕಿ ಇರಲಿಲ್ಲ. ಊದಿನಕಡ್ಡಿಯನ್ನು ಇನ್ನೂ ಹಚ್ಚಿರಲಿಲ್ಲ. ಕೊನೆಗೆ ನೋಟುಗಳನ್ನು ಎತ್ತಿಕೊಂಡರು. ರೂಢಿಯ ಕೈ ತಾನಾಗಿ ಮೇಲೆ ಹೋಗಿ ಎರಡೂ ಕಣ್ಣಿಗೆ ಮುಟ್ಟಿತು. ಮುಟ್ಟಿದ ಮೇಲೆ ಅವರಿಗೆ ಗೊತ್ತಾಯಿತು. ನಾನು ನೋಡುತ್ತಲೇ ಇದ್ದೆ. ಅವರು ತಲೆ ತಗ್ಗಿಸಿ ಪಾವತಿ ಚೀಟಿ ಬರೆದರು.

ಅದರ ಮರುದಿನ ಬೆಳಿಗ್ಗೆ ದುರ್ಗಪ್ಪನವರ ಮಷಿನ್ನಿಗೆ ಎಣ್ಣೆ ಬಿಟ್ಟು, ಬಾಬಿನ್ ತುಂಬ ಹೊಸ ದಾರ ಸುತ್ತಿ, ಆಟೋದಲ್ಲಿ ತುಕ್ಕಾನಟ್ಟಿಗೆ ಒಯ್ದೆ. ಅವರು ಕಟ್ಟೆಯ ಮೇಲೆ ಕೂತು ತಾಡಪತ್ರಿಯ ಅಂಚಿಗೆ ದಬ್ಬಣ ಹಾಕುತ್ತಿದ್ದರು. ಇಷ್ಟು ಅವಸರವೇನಿತ್ತು ಎಂದರು. ಮಷಿನ್ನನ್ನು ಅದರ ಹಳೆಯ ಜಾಗದಲ್ಲಿ ಇಳಿಸಿದೆವು.

"ದಾರ್ಯಾಗ ಅಲಗ್ಯಾಡಿರತೈತಿ. ಇದ ಗಿರಾಕಿ ತಾಡಪತ್ರಿ, ಅಂಚಿಗೆ ಒಂದ ಹೊಲಿಗಿ ಹಾಕಿ ನೋಡ್ರಿ," ಎಂದರು ದುರ್ಗಪ್ಪನವರು.

"ಇವತ್ತ ಬೋಣಿಗಿ ಆಗೇತೇನ್ರಿ ಕಾಕಾ?"

"ಎಲ್ಲೀದು, ಇದ ಮೊದಲನೇದು. ಯಾಕ?"

ಯಾಕೆಂದು ಹೇಳಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ತಾಡಪತ್ರಿಯನ್ನು ಸೂಜಿಯ ಕೆಳಗೆ ಸರಿಸಿದೆ.