ಬಾಲದ ಕಡೆಯಿಂದ

ಪುಟ್ಟಿಯ ಬಳಿ ಒಂದು ತಲೆಯೂ ಇರಲಿಲ್ಲ. ಕಾಲಿನ ಚೂರುಗಳಿದ್ದವು, ನಡುಮೈಯ ತುಂಡುಗಳು ಎರಡು ಡ್ರಾಯರ್ ತುಂಬ ಇದ್ದವು. ಸಂಶೋಧನೆಗೆ ಸೇರಿದ ಮೇಲೆ ಅವಳು ಕೂಡಿಹಾಕಿದ್ದು ಅಷ್ಟೇ. ತಲೆ ಸಿಗದೆ ಪ್ರಬಂಧ ಮುಗಿಯುವಂತಿರಲಿಲ್ಲ.

ಅವಳ ವಿಷಯ ಕೀಲುಕಾಲಿನ ಪ್ರಾಣಿಗಳು. ಜಿರಳೆ, ಚೇಳು, ಏಡಿ, ಜೇಡ, ಇವೆಲ್ಲದರ ಪೂರ್ವಿಕ ಪ್ರಾಣಿಗಳು ಐವತ್ತು ಕೋಟಿ ವರ್ಷಗಳ ಹಿಂದೆ ಕಡಲ ತಳದ ಕೆಸರಿನಲ್ಲಿ ಹರಿದಾಡಿಕೊಂಡಿದ್ದವು. ಅವುಗಳ ತಲೆ ಮೊದಲಿನಿಂದಲೂ ತಲೆಯಾಗಿರಲಿಲ್ಲ. ಮೈಯ ಮುಂದಿನ ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡು ತಲೆಯಾದವು. ನಡೆಯುತ್ತಿದ್ದ ಕಾಲುಗಳು ಜೋಡಿ ಜೋಡಿಯಾಗಿ ಹಳೆಯ ಕೆಲಸ ಬಿಟ್ಟು ಬಾಯಿಯ ಸುತ್ತ ಸೇರಿ ಮೀಸೆಯಾದವು, ದವಡೆಯಾದವು. ಯಾವ ಪ್ರಾಣಿಯಲ್ಲಿ ಎಷ್ಟು ಜೋಡಿ ಕಾಲು ತಲೆಗೆ ಸೇರಿತ್ತು ಎಂದು ಗೊತ್ತಾದರೆ ಯಾವುದು ಯಾರ ವಂಶ ಎಂದು ಹೇಳಬಹುದು. ಪುಟ್ಟಿಯ ಪ್ರಶ್ನೆ ಇಷ್ಟೇ: ತನ್ನ ಪ್ರಾಣಿಯ ತಲೆಯಲ್ಲಿ ಮೂರು ಜೋಡಿ ಕಾಲೋ, ನಾಲ್ಕೋ?

“ಮೂರಿದ್ರೇನು ನಾಲ್ಕಿದ್ರೇನು, ಅದಕ್ಕೇನು ಚಪ್ಪಲಿ ಹೊಲಿಸಬೇಕಾ?” ಎನ್ನುತ್ತಿದ್ದಳು ಅಕ್ಕ.

ಪುಟ್ಟಿ ಇದ್ದದ್ದು ಅಕ್ಕನ ಮನೆಯಲ್ಲಿ, ಮೂರನೇ ಮಹಡಿಯ ಎರಡು ಕೋಣೆಯ ಮನೆ. ಅಕ್ಕ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವವಳು. ಭಾವ ಬಸ್ಸಿನ ಡ್ರೈವರ್. ಪುಟ್ಟಿಯ ಹೆಸರೆತ್ತಿದರೆ ಸಾಕು, ಅವನ ಬಾಯಲ್ಲಿ ಒಂದೇ ಮಾತು: “ಊರವರೆಲ್ಲ ಕಲ್ಲಿನ ಮೇಲೆ ಅರೀತಾರೆ. ನಮ್ಮ ನಾದಿನಿ ಕಲ್ಲನ್ನೇ ಅರೀತಾಳೆ.” ಎಷ್ಟು ಸಲ ಹೇಳಿದರೂ ಅವನಿಗೆ ನಗು ಬರುತ್ತಿತ್ತು.

ಮಾತೇನೋ ನಿಜ. ಬೇಸಿಗೆಯಲ್ಲಿ ಅವಳಿಗೆ ನಿಂಬೆಕಾಯಿ ಗಾತ್ರದ ಕಲ್ಲುಂಡೆಯೊಂದು ಸಿಕ್ಕಿತ್ತು. ಒಂದು ಮಗ್ಗುಲು ಒಡೆದು, ಒಳಗೆ ಕಲ್ಲಾಗಿ ಕೂತ ಪ್ರಾಣಿಯ ಅಂಚು ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಪ್ರಾಣಿ ಇಡಿಯಾಗಿತ್ತು. ತಲೆ, ಬಾಲ ಎಲ್ಲ ಒಂದೇ ಮೈಯಲ್ಲಿದ್ದ ಕಲ್ಲು ಅವಳಿಗೆ ಸಿಕ್ಕಿದ್ದು ಅದೇ ಮೊದಲು.

“ನಮ್ಮಲ್ಲಿಗೆ ತಗೊಂಡು ಬಾರೇ,” ಎಂದಿದ್ದಳು ಅಕ್ಕ. “ಮೂಳೆ ಡಾಕ್ಟ್ರು ಊಟಕ್ಕೆ ಹೋದಾಗ ಒಂದು ಫಿಲ್ಮ್ ತೆಗೆದುಕೊಡ್ತೀನಿ.”

“ಆಗಲ್ಲ ಅಕ್ಕಾ. ಪ್ರಾಣೀನೂ ಕಲ್ಲಾಗಿದೆ, ಸುತ್ತ ಇರೋದೂ ಕಲ್ಲೇ. ದೊಡ್ಡ ಯಂತ್ರದಲ್ಲೇ ಇಟ್ಟು ನೋಡಿದ್ವಿ. ಬರೀ ಬೂದಿ ಬಣ್ಣ.”

“ಮತ್ತೆ?”

“ಅರೆಯೋದೇ.”

ಅರೆಯುವುದೆಂದರೆ ಹೀಗೆ. ಗಾಜಿನಂತೆ ಗಟ್ಟಿಯಾಗುವ ಅಂಟಿನೊಳಗೆ ಕಲ್ಲನ್ನು ಹುದುಗಿಸಿ, ಯಂತ್ರದ ಚಕ್ರಕ್ಕೆ ಒಂದು ತುದಿಯನ್ನು ಕೊಡಬೇಕು. ಕೂದಲಿಗಿಂತ ತೆಳುವಾದ ಒಂದು ಪದರ ಸವೆದಾಗ ನಿಲ್ಲಿಸಬೇಕು, ತೊಳೆಯಬೇಕು, ಆಗ ಕಾಣುವ ಮೈಯ ಫೋಟೊ ತೆಗೆಯಬೇಕು. ಮತ್ತೆ ಅರೆಯಬೇಕು. ಕೊನೆಗೆ ಕಲ್ಲೂ ಇರುವುದಿಲ್ಲ, ಪ್ರಾಣಿಯೂ ಇರುವುದಿಲ್ಲ. ಫೋಟೊಗಳನ್ನು ಒಂದರ ಮೇಲೊಂದು ಪೇರಿಸಿದರೆ ಕಂಪ್ಯೂಟರಿನಲ್ಲಿ ಪ್ರಾಣಿ ಎದ್ದು ನಿಲ್ಲುತ್ತದೆ. ಫೋಟೊ ಆಗದೆ ಹೋದದ್ದು ಹೋಯಿತು. ಪುಡಿಯನ್ನು ಮತ್ತೆ ಪ್ರಾಣಿ ಮಾಡುವ ವಿದ್ಯೆ ಯಾರಿಗೂ ಬರುವುದಿಲ್ಲ.

ಅಂಟಿನಲ್ಲಿ ಹುದುಗಿಸುವ ಮೊದಲು ಪ್ರಯೋಗಾಲಯದಲ್ಲಿ ಮೂವರು ಸೂಕ್ಷ್ಮದರ್ಶಕದ ಸುತ್ತ ನಿಂತರು. ಪುಟ್ಟಿ, ಅವಳ ಮಾರ್ಗದರ್ಶಕಿ ಮೇಡಂ, ಮತ್ತು ಫೋಟೊ ತೆಗೆಯುವ ಕೊಕ್ಕರೆ. ಕತ್ತು ಉದ್ದ ಎಂದು ಅವನಿಗೆ ಆ ಹೆಸರು; ಮೇಡಂ ಕೂಡ ಹಾಗೇ ಕರೆಯುತ್ತಿದ್ದರು. ಕಲ್ಲಿನ ಒಡಕಿನಲ್ಲಿ ಪ್ರಾಣಿಯ ಒಂದು ತುದಿ ಮೊರದಂತೆ ಅಗಲ, ಇನ್ನೊಂದು ಸಪೂರ.

“ತಲೆ ಯಾವ ಕಡೆ?” ಎಂದರು ಮೇಡಂ.

“ಅಗಲದ ಕಡೆ,” ಎಂದಳು ಪುಟ್ಟಿ.

“ಅಗಲದ ಕಡೆ,” ಎಂದ ಕೊಕ್ಕರೆ.

“ಹೂಂ, ಮತ್ತೆಲ್ಲಿರುತ್ತೆ,” ಎಂದು ಮೇಡಂ ಅಗಲದ ಕಡೆಗೆ ಕೆಂಪು ಬಣ್ಣದಲ್ಲಿ ಬಾಣ ಹಾಕಿದರು. ಅವರಿಗೆ ಗೊತ್ತಿದ್ದ ಇದರ ನೆಂಟರೆಲ್ಲ ಹಾಗೇ ಇದ್ದರು, ಅಗಲ ತಲೆ, ಸಪೂರ ಬಾಲ. ಆ ಪ್ರಯೋಗಾಲಯದಲ್ಲಿ ಬಾಣ ಒಮ್ಮೆ ಬಿದ್ದರೆ ಮುಗಿಯಿತು, ಆಮೇಲೆ ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಅವಸರಕ್ಕೂ ಕಾರಣವಿತ್ತು. ಅರೆಯುವ ಯಂತ್ರವನ್ನು ತಿಂಗಳ ಕೊನೆಗೆ ಬೇರೆ ವಿಭಾಗ ಒಯ್ಯಲಿತ್ತು, ವಾಪಸು ಬರುವ ಖಾತ್ರಿ ಇರಲಿಲ್ಲ. ಇಡೀ ಪ್ರಾಣಿಯನ್ನು ತೆಳು ಪದರದಲ್ಲಿ ಅರೆಯಲು ಅಷ್ಟು ಕಾಲಾವಕಾಶವಿರಲಿಲ್ಲ. ಉಪಾಯ ಹೇಳಿದವಳು ಪುಟ್ಟಿಯೇ.

“ಬಾಲದಿಂದ ಶುರು ಮಾಡೋಣ ಮೇಡಂ. ಬಾಲಾನ ದಪ್ಪ ದಪ್ಪ ಪದರದಲ್ಲಿ ಮುಗಿಸಿಬಿಡ್ತೀನಿ. ಉಳಿಯೋ ದಿನ ಎಲ್ಲಾ ತಲೆಗೆ.”

ಮೇಡಂ ಕಲ್ಲನ್ನು ತಿರುಗಿಸಿ ನೋಡಿದರು. “ಸರಿ ಕಣಮ್ಮ. ಬಾಲದಲ್ಲೇನಿದೆ.”

“ಬಾಲ ಹಿಡಿದೋರು ಒದೆ ತಿಂತಾರೆ, ಹುಷಾರು,” ಎಂದ ಕೊಕ್ಕರೆ.

ಮಾರನೆಯ ಬೆಳಿಗ್ಗೆ ಪುಟ್ಟಿ ದಪ್ಪ ಪದರಗಳಲ್ಲಿ ಅರೆಯತೊಡಗಿದಳು. ಕೈ ಚೆನ್ನಾಗಿ ಓಡಿತು. ಮೊದಲು ಒಂದು ಜೊತೆ ಸಣ್ಣ ಬಿಳಿ ಚುಕ್ಕೆ ಕಂಡವು. ಬಾಲದ ಕೂದಲು ಎಂದುಕೊಂಡಳು. ಆಮೇಲೆ ಎರಡು ದುಂಡನೆಯ ಗುರುತು. ಬಾಲದ ಮುಳ್ಳಿನ ಬುಡ ಇರಬೇಕು ಎಂದುಕೊಂಡಳು. ತೊಳೆದಳು, ಒರೆಸಿದಳು, ಕ್ಯಾಮೆರಾದ ಕೆಳಗಿಟ್ಟಳು. ಬಿಳಿ ಚುಕ್ಕೆಗಳು ಹೆಚ್ಚಾದವು, ಗುಂಪಾದವು. ಅವಳ ಗಮನವೆಲ್ಲ ಅಗಲದ ತುದಿಯ ಮೇಲಿತ್ತು. ಊಟದ ಹೊತ್ತಿಗೆ ಸಪೂರ ಭಾಗ ಮುಗಿಯಿತು. ಅಲ್ಲಿಯ ರೂಢಿಯಂತೆ ತೊಳೆದ ನೀರಿನ ಬಕೆಟ್ಟನ್ನು ಮೋರಿಗೆ ಚೆಲ್ಲಿ, ಯಂತ್ರವನ್ನು ತೆಳು ಪದರಕ್ಕೆ ತಿರುಗಿಸಿಟ್ಟು, ಕೈ ಒರೆಸಿಕೊಳ್ಳುತ್ತ ಕೊಕ್ಕರೆಯ ಪಕ್ಕ ಹೋಗಿ ಕೂತಳು.

ಅವನು ಬೆಳಗಿನ ಫೋಟೊಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಒಂದು ಫೋಟೊ ಬಂದಾಗ ನಿಲ್ಲಿಸಿದ.

“ಏನು ತಾಯಿ, ನಿನ್ನ ಬಾಲದಲ್ಲಿ ಎರಡೆರಡು ಕರುಳು. ಹೊಟ್ಟೆಬಾಕನ ಜಾತಿಯಾ?”

ಪುಟ್ಟಿ ನಕ್ಕಳು. ಬಗ್ಗಿ ನೋಡಿದಳು. ಬಿಳಿಯ ಎರಡು ಬಳೆ, ಒಂದರ ಕೆಳಗೊಂದು. ನಗು ಅರ್ಧಕ್ಕೇ ನಿಂತಿತು.

ಈ ಪ್ರಾಣಿಗಳ ಬಾಯಿ ತಲೆಯ ಅಡಿಯಲ್ಲಿರುತ್ತದೆ, ಹಿಂದಕ್ಕೆ ಮುಖ ಮಾಡಿಕೊಂಡು. ತಿಂದದ್ದು ಮೊದಲು ಮುಂದಕ್ಕೆ ಹೋಗಿ, ಕೊಕ್ಕೆಯಂತೆ ತಿರುಗಿ, ಆಮೇಲೆ ಹಿಂದಕ್ಕೆ ಸಾಗುತ್ತದೆ. ಅಡ್ಡಲಾಗಿ ಕುಯ್ದರೆ ಆ ಒಂದು ಜಾಗದಲ್ಲಿ ಮಾತ್ರ ನಳಿಗೆ ಎರಡು ಸಲ ಕಾಣುತ್ತದೆ, ಮೇಲೆ ಕರುಳು, ಕೆಳಗೆ ಗಂಟಲು. ಬಾಲದಲ್ಲಿ ಗಂಟಲಿರುವುದಿಲ್ಲ.

“ಮುಂದಿನದು ಹಾಕು,” ಎಂದಳು.

ಮುಂದಿನದರಲ್ಲಿ ಬಳೆ ಒಂದೇ.

“ಹಿಂದಿನದು.”

ಹಿಂದಿನದರಲ್ಲಿ ಎರಡು ದುಂಡನೆಯ ಗುರುತು. ಮುಳ್ಳಿನ ಬುಡವಲ್ಲ. ಕಣ್ಣು. ಅದಕ್ಕೂ ಹಿಂದಿನದರಲ್ಲಿ ಮೀಸೆಗಳು.

ಪುಟ್ಟಿ ಎದ್ದು ಮೋರಿಯ ಹತ್ತಿರ ಹೋದಳು. ಜಾಲರಿಯ ಮೇಲೆ ತೆಳ್ಳನೆಯ ಬಿಳಿ ಕೆಸರು ಅಂಟಿತ್ತು. ಬೆರಳಿಂದ ಮುಟ್ಟಿದಳು. ಹಿಟ್ಟಿನಂತೆ ನುಣ್ಣಗಿತ್ತು. ಬಕೆಟ್ ಚೆಲ್ಲದೆ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಸ್ವಲ್ಪ ಹೊತ್ತು ಅಲ್ಲೇ ಬಗ್ಗಿ ನಿಂತಿದ್ದಳು.

ಮೇಡಂ ಬಂದರು. ಚಿತ್ರಗಳನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದರು. ಕಾಲುಗಳಿಗಿಂತ ಪದರವೇ ದಪ್ಪ. ಒಂದು ಚಿತ್ರದಲ್ಲಿ ಚುಕ್ಕೆಗಳ ಒಂದು ಗುಂಪು, ಮುಂದಿನದರಲ್ಲಿ ಬೇರೆಯೇ ಗುಂಪು. ಯಾವ ಕಾಲು ಎಲ್ಲಿ ಹುಟ್ಟಿ ಎಲ್ಲಿಗೆ ಹೋಯಿತು ಎಂದು ಹಿಡಿಯುವಂತಿರಲಿಲ್ಲ. ಪುಟಗಳು ಕಿತ್ತುಹೋದ ಪುಸ್ತಕದ ಹಾಗೆ.

“ಬಾಣ ಹಾಕಿದ್ದು ನಾನೇ,” ಎಂದರು ಮೇಡಂ.

“ದಪ್ಪ ಪದರ ಅಂದಿದ್ದು ನಾನು, ಮೇಡಂ.”

ಬೈಗುಳಕ್ಕೆ ಪುಟ್ಟಿ ಸಿದ್ಧಳಾಗಿದ್ದಳು. ಬೈಗುಳ ಬರಲಿಲ್ಲ. ಬೈದಿದ್ದರೆ ಅಳಬಹುದಿತ್ತು, ಇಲ್ಲವೇ ತಿರುಗಿ ಏನಾದರೂ ಅನ್ನಬಹುದಿತ್ತು. ಮೇಡಂ ಬೆರಳಿನಿಂದ ಪರದೆಯನ್ನು ಮುಟ್ಟಿ ತೋರಿಸಿದರು.

“ನೋಡು, ಎಷ್ಟು ಸಣ್ಣ ತಲೆ. ಇನ್ನೂ ತಲೆ ಅಗಲವಾಗೋ ಕಾಲ ಬಂದಿರಲಿಲ್ಲ. ನಾವು ಮೊಮ್ಮಕ್ಕಳ ಮುಖ ನೋಡಿ ಅಜ್ಜೀನ ಹುಡುಕಿದ್ವಿ. ಇಷ್ಟು ಜಾಗದಲ್ಲಿ ನಾಲ್ಕು ಜೋಡಿ ಹಿಡಿಯಲ್ಲ ಕಣಮ್ಮ. ಮೂರೇ ಇರಬೇಕು.”

“ಇರಬೇಕು ಅಂತ ಬರೆಯೋಕಾಗುತ್ತಾ, ಮೇಡಂ?”

“ಇಲ್ಲ.”

“ಇನ್ನೊಂದು ಕಲ್ಲು ಸಿಕ್ಕಿದ್ರೆ?” ಎಂದ ಕೊಕ್ಕರೆ.

ಮೇಡಂ ಚೀಲ ಹೆಗಲಿಗೇರಿಸಿ, “ಉಳಿದಿದ್ದನ್ನ ಅರಿ. ತೆಳುವಾಗೇ ಅರಿ,” ಎಂದು ಹೊರಟರು.

ಅಂದು ಮನೆಗೆ ಹೋದಾಗ ಅಕ್ಕ ಇಸ್ತ್ರಿ ಹಾಕುತ್ತಿದ್ದಳು. ಭಾವ ಸಮವಸ್ತ್ರಕ್ಕೆ ಕಾಯುತ್ತ ಬನಿಯನ್ನಿನಲ್ಲಿ ಕೂತಿದ್ದ.

“ತಲೆ ಬಂತೇನೇ?” ಎಂದಳು ಅಕ್ಕ. ದಿನಾ ಕೇಳುವ ಪ್ರಶ್ನೆ.

“ಬಂದು ಹೋಯ್ತು.”

“ಅಂದ್ರೆ?”

“ಬಾಲ ಅಂದ್ಕೊಂಡು ತಲೇನ ಅರೆದುಬಿಟ್ಟೆ.”

ಭಾವ ನಗಲು ಶುರು ಮಾಡಿದ. ಅಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಅವನತ್ತ ಒಮ್ಮೆ ನೋಡಿದಳು, ಅವನು ಸುಮ್ಮನಾದ.

“ಹೋಗ್ಲಿ ಬಿಡೆ,” ಎಂದಳು. “ನಾನೂ ಒಂದ್ಸಲ ಎಡಗೈ ಬದಲು ಬಲಗೈ ಫಿಲ್ಮ್ ತೆಗೆದಿದ್ದೆ.”

“ಆಮೇಲೇನು ಮಾಡಿದೆ?”

“ಮತ್ತೆ ಕರೆಸಿ ತೆಗೆದೆ.”

ಹೇಳಿದ ಮೇಲೆ ಅಕ್ಕನಿಗೇ ಆ ಮಾತು ಚುಚ್ಚಿರಬೇಕು. ಅಂಗಿಯ ಕಾಲರನ್ನು ಮತ್ತೆ ಮತ್ತೆ ತೀಡಿದಳು.

ತಿಂಗಳ ಉಳಿದ ದಿನಗಳೆಲ್ಲ ಪುಟ್ಟಿ ಬಾಲವನ್ನು ಅರೆದಳು. ತಲೆಗೆಂದು ಎತ್ತಿಟ್ಟಿದ್ದ ದಿನಗಳು ಅವು. ಮನಸ್ಸಿಲ್ಲದಿದ್ದರೂ ಕೈ ತಪ್ಪಲಿಲ್ಲ. ಒಂದು ಪದರವೂ ಹಾಳಾಗಲಿಲ್ಲ. ಕಂಪ್ಯೂಟರಿನಲ್ಲಿ ಎದ್ದುನಿಂತ ಬಾಲ ಬಲು ಸೊಗಸಾಗಿತ್ತು. ಅಂಚಿನ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಕೊಕ್ಕರೆ ಅದನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ ನೋಡಿದ. ಯಾರೂ ಅದನ್ನು ಬೇಕೆಂದು ಕೇಳಿರಲಿಲ್ಲ. ಆಮೇಲೆ ಇಬ್ಬರು ಆಳುಗಳು ತಳ್ಳುಗಾಡಿ ತಂದು ಯಂತ್ರವನ್ನು ಒಯ್ದರು. ಅದು ನಿಂತಿದ್ದ ಜಾಗದಲ್ಲಿ ಕಲ್ಲಿನ ಪುಡಿ ಕೂತು ನೆಲ ಬೆಳ್ಳಗಿತ್ತು. ಪುಟ್ಟಿ ಒದ್ದೆ ಬಟ್ಟೆ ತಂದು ಒರೆಸಿದಳು.

ಹೋದದ್ದು ಒಂದು ತಲೆ. ಅದರಲ್ಲಿ ಮೀಸೆ ಎರಡು, ಕಣ್ಣು ಎರಡು, ಬಾಯಿ ಒಂದು, ಗಂಟಲು ಒಂದು. ಕಾಲು ಮೂರು ಜೋಡಿ, ಅಥವಾ ನಾಲ್ಕು.