ಏಳು ಸ್ಟಾಪ್, ಒಂದು ಸುಳ್ಳು

1

ನಡಿಗೆಯನ್ನು ಶೌಚಾಲಯ ಇರುವ ಕಡೆಯಿಂದ ಶುರು ಮಾಡಬೇಕು. ಗೈಡುಗಳ ಕಸುಬಿನ ಮೊದಲ ಪಾಠ ಇದು. ಎರಡೂವರೆ ಗಂಟೆ ಊರು ಸುತ್ತುವಾಗ, ಇತಿಹಾಸದ ಮೇಲೆ ಎಷ್ಟೇ ಪ್ರೀತಿಯಿದ್ದರೂ ಹೊಟ್ಟೆಯ ಕೆಳಗಿನ ಒತ್ತಡದ ಮುಂದೆ ಅದು ನಿಲ್ಲುವುದಿಲ್ಲ.

ಕಥೆಗೆ ಈ ಅನುಕೂಲವಿಲ್ಲ. ಓದುಗರೇ, ನೀವು ಎಲ್ಲಿ ಕೂತಿದ್ದೀರಿ, ಹೋಗಿ ಬಂದಿದ್ದೀರೋ ಇಲ್ಲವೋ, ನನಗೆ ತಿಳಿಯದು. ಆದ್ದರಿಂದ ಎಲ್ಲಿಂದ ಶುರು ಮಾಡಲಿ ಎಂಬುದೂ ತಿಳಿಯದು.

(ಇದು ಆರನೆಯ ಕರಡು. ಹಿಂದಿನ ಐದೂ "ಅವನು ತೀರಿಕೊಂಡ ದಿನ ಬಿಸಿಲಿತ್ತು" ಎಂದು ಶುರುವಾಗಿದ್ದವು. ಬಿಸಿಲಿದ್ದದ್ದು ನಿಜ. ಆದರೆ ಬಿಸಿಲಿಗೂ ಅದಕ್ಕೂ ಏನೂ ಸಂಬಂಧವಿಲ್ಲ.)

1, ಇನ್ನೊಮ್ಮೆ

ನನ್ನ ಗಂಡ ಗೈಡ್ ಆಗಿದ್ದ. ಒಂಬತ್ತು ವರ್ಷ ಹಳದಿ ಛತ್ರಿ ಎತ್ತಿ ಹಿಡಿದು, ಅಪರಿಚಿತರನ್ನು ಬೆನ್ನಿಗೆ ಹಾಕಿಕೊಂಡು ಈ ಊರಿನ ಹಳೆಯ ಬೀದಿಗಳಲ್ಲಿ ನಡೆದ. ಅವನ ನಡಿಗೆಗೆ ಏಳು ಸ್ಟಾಪ್. ಒಂದೊಂದರಲ್ಲಿ ಒಂದೊಂದು ಸಂಗತಿ ಹೇಳುತ್ತಿದ್ದ. ಆರು ನಿಜ, ಒಂದು ಸುಳ್ಳು. ಸುಳ್ಳು ಯಾವುದೆಂದು ಜನ ಏಳನೆಯ ಸ್ಟಾಪಿನಲ್ಲಿ ಊಹಿಸಬೇಕು, ಆಮೇಲೆ ಅವನು ಹೇಳಬೇಕು. ಸರಿಯಾಗಿ ಊಹಿಸಿದವರಿಗೆ ಒಂದು ಬನ್. ಸುಳ್ಳು ದಿನಕ್ಕೊಂದು.

ನಾಲ್ಕು ತಿಂಗಳ ಹಿಂದೆ, ಐದನೆಯ ಸ್ಟಾಪಿನಲ್ಲಿ, ಗುಡ್ಡದ ಅರವತ್ತೊಂದು ಮೆಟ್ಟಿಲುಗಳಲ್ಲಿ ಇಪ್ಪತ್ತಮೂರನೆಯದರ ಮೇಲೆ, ವಾಕ್ಯದ ನಡುವೆ ಅವನು ಕೂತ. ಎದೆಯ ಮೇಲೆ ಕೈಯಿಟ್ಟ. ಗೋಡೆಗೆ ಒರಗಿದ.

ಹದಿನಾಲ್ಕು ಜನ ಕಾದರು. ಅವನು ಅಭಿನಯಿಸಿ ತೋರಿಸುವ ಗೈಡ್. ಎರಡನೆಯ ಸ್ಟಾಪಿನಲ್ಲಿ ಹಳೆಯ ಕಾಲದ ಭೂಮಾಪಕನಾಗಿ ಬಾವಿಗೆ ಬಿದ್ದು ಆಗಿತ್ತು. ಇದೂ ಅಂಥದ್ದೇ ಎಂದುಕೊಂಡರು. ಇಬ್ಬರು ಚಪ್ಪಾಳೆ ತಟ್ಟಿದರು. ಒಬ್ಬ ವಿಡಿಯೊ ಮಾಡಿದ. ಚಪ್ಪಾಳೆ ನಿಂತ ಮೇಲೂ ಅವನು ಏಳಲಿಲ್ಲ.

ಮರುವಾರ ನಡಿಗೆ ನಡೆಸುವ ಕಂಪನಿಯ ವೆಬ್‌ಸೈಟಿನಲ್ಲಿ ಒಂದು ರಿವ್ಯೂ ಬಂತು. "ಗೈಡ್ ಒಳ್ಳೆಯವರು. ವಿಷಯ ಚೆನ್ನಾಗಿತ್ತು. ಕೊನೆ ಮಾತ್ರ ಸ್ಪಷ್ಟವಾಗಲಿಲ್ಲ. ಮೂರು ಸ್ಟಾರ್."

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ವಿಶ್ವವಿದ್ಯಾಲಯದಲ್ಲಿದ್ದ ಐದು ವರ್ಷಗಳಲ್ಲಿ ಇಷ್ಟು ನಿಖರವಾದ ವಿಮರ್ಶೆ ಓದಿರಲಿಲ್ಲ.

2

ಮೂರನೆಯ ವಾರ ಕಂಪನಿಯ ಮಾಲೀಕರು ಮನೆಗೆ ಬಂದರು. ಒಂದು ಚೀಲ ಕಿತ್ತಳೆ ತಂದರು. ಕುರ್ಚಿಯ ತುದಿಯಲ್ಲಿ ಕೂತರು.

"ನಿಮ್ಮ ದುಃಖ ನಮ್ಮ ದುಃಖ ಮೇಡಂ."

"ಹೂಂ."

"ಆದ್ರೆ ದುಃಖಕ್ಕೂ ಒಂದು ಜಾಗ ಅಂತ ಬೇಕಲ್ವಾ? ಅದಕ್ಕೇ ಯೋಚನೆ ಮಾಡ್ದೆ. ಐದನೇ ಸ್ಟಾಪ್. ಅಲ್ಲಿ ಒಂದು ನಿಮಿಷ ಮೌನ. ಆಮೇಲೆ ನೀವೇ ನಿಂತು ಎರಡು ಮಾತಾಡಿದ್ರೆ ಜನಕ್ಕೊಂದು ಕನೆಕ್ಷನ್ ಸಿಗುತ್ತೆ."

"ಏನು ಮಾತಾಡ್ಲಿ?"

"ನಿಮ್ಮ ಅನುಭವ. ಚಿಕ್ಕದಾಗಿ. ಎರಡು ನಿಮಿಷ ಮೀರಬಾರದು, ಆರನೇ ಸ್ಟಾಪಲ್ಲಿ ಸೂಪ್ ಆರಿಹೋಗುತ್ತೆ."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಸೂಪು ಬೆಳಿಗ್ಗೇನೇ ಆರಿರುತ್ತೆ ಅಂತ ನನ್ನ ಮಗ ಹೇಳ್ತಿದ್ದ!"

ಮಾಲೀಕರು ಅಡುಗೆಮನೆಯ ಕಡೆ ತಿರುಗಿ ಕೈಮುಗಿದರು. ನನ್ನ ಕಡೆ ತಿರುಗಿ, ಇಡೀ ನಡಿಗೆಯನ್ನೇ ನಾನು ವಹಿಸಿಕೊಳ್ಳಬಹುದು ಎಂದರು. ಓದು ಇದೆ. ಛತ್ರಿಯೂ ಮನೆಯಲ್ಲೇ ಇದೆ.

ಬೇಡ ಎನ್ನುವುದಕ್ಕೂ ಒಂದಿಷ್ಟು ತ್ರಾಣ ಬೇಕು. ನನ್ನಲ್ಲಿ ಇರಲಿಲ್ಲ. ಆಯಿತು ಎಂದೆ. ಸಂಜೆಯೊಳಗೆ ವೆಬ್‌ಸೈಟಿನಲ್ಲಿ ಬಂತು: "ಅಗಲಿದ ಗೈಡ್‌ನ ಪತ್ನಿಯೊಂದಿಗೆ ಒಂದು ಆತ್ಮೀಯ ನಡಿಗೆ. ಸೂಪ್ ಸಹಿತ."

3

(ಕಥೆಗೆ ಈಗ ಒಂದು ಕಾಗದ ಬರಬೇಕು. ಕಾಗದ ಬರುವ ಕಥೆಗಳನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಬಂತು. ಏನು ಮಾಡಲಿ?)

ಆ ಹದಿನಾಲ್ಕು ಜನರಲ್ಲಿ ಒಬ್ಬರು ನಿವೃತ್ತ ಭೂಗೋಳದ ಮೇಡಂ. ಅವರು ಬರೆದಿದ್ದರು: "ಆ ದಿನದ ಸುಳ್ಳು ಯಾವುದೆಂದು ಹೇಳುವ ಮೊದಲೇ ನಿಮ್ಮ ಯಜಮಾನರು ಹೋದರು. ನಾನು ಮೂವತ್ತೆರಡು ವರ್ಷ ಪಾಠ ಮಾಡಿದವಳು. ತಪ್ಪು ಮಾಹಿತಿಯನ್ನು ತಲೆಯಲ್ಲಿಟ್ಟುಕೊಂಡು ಸಾಯಲು ಇಷ್ಟವಿಲ್ಲ. ನನ್ನ ಟಿಪ್ಪಣಿಯ ನಕಲು ಇದರೊಂದಿಗಿದೆ. ಸುಳ್ಳಿನ ಮುಂದೆ ಗುರುತು ಹಾಕಿ ಕಳಿಸಿ."

ಸ್ಟಾಂಪ್ ಅಂಟಿಸಿ, ತಮ್ಮ ವಿಳಾಸ ಬರೆದ ಲಕೋಟೆಯನ್ನೂ ಒಳಗಿಟ್ಟಿದ್ದರು. ಟಿಪ್ಪಣಿ ಹೀಗಿತ್ತು:

ಒಂದು. ಗಡಿಯಾರ ಗೋಪುರ. ರೈಲು ತಪ್ಪಿಸಿಕೊಳ್ಳುವವರಿಗಾಗಿ ಗಡಿಯಾರವನ್ನು ಬೇಕೆಂದೇ ಏಳು ನಿಮಿಷ ಮುಂದಿಟ್ಟಿದ್ದರು.
ಎರಡು. ಡೊಂಕು ಬೀದಿ. ಭೂಮಾಪಕ ಬಿದ್ದ ಬಾವಿಯನ್ನು ಬಳಸಿ ಹೋಗಲೆಂದು ಬೀದಿಯನ್ನೇ ಬಗ್ಗಿಸಿದರು.
ಮೂರು. ಬೇಕರಿ. ನೆರೆ ಬಂದ ವರ್ಷ ಬ್ರೆಡ್ಡನ್ನು ಮಹಡಿಯ ಕಿಟಕಿಯಿಂದ ದೋಣಿಗಳಿಗೆ ಇಳಿಸಿದರು.
ನಾಲ್ಕು. ಮುಚ್ಚಿದ ಚಿತ್ರಮಂದಿರ. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಬಾಗಿಲು, ಒಳಗೆ ಒಂದೇ ಬೆಂಚು.
ಐದು. ಮೆಟ್ಟಿಲು. ಈ ಊರಿನ ಬಗ್ಗೆ ಗೈಡ್ ಅವರ ಹೆಂಡತಿ ಪುಸ್ತಕ ಬರೆಯುತ್ತಿದ್ದಾರೆ. ಹೆಚ್ಚುಕಡಿಮೆ ಮುಗಿದಿದೆ. ಈ ಮೆಟ್ಟಿಲುಗಳಿಗೇ ಒಂದು ಅಧ್ಯಾಯವಿದೆ. ಅದರ ಮೊದಲ ಸಾಲು:

ಎರಡು ಚುಕ್ಕಿ. ಆಮೇಲೆ ಹಾಳೆ ಖಾಲಿ.

4

ಈಗ ಒಂದು ವಿಷಯ ಹೇಳಬೇಕು. (ಮೂರು ಕರಡುಗಳಲ್ಲಿ ಹೇಳದೆ ದಾಟಿಸಲು ನೋಡಿದೆ. ಕಥೆ ಕುಂಟಿತು.)

ಪುಸ್ತಕ ಇಲ್ಲ.

ಎರಡು ವರ್ಷ ಅವನು ಬೆಳಿಗ್ಗೆ ಎಂಟಕ್ಕೆ ನನ್ನ ಮೇಜಿನ ಮೇಲೆ ಟೀ ಇಟ್ಟು, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗುತ್ತಿದ್ದ. ಸಂಜೆ ಬಂದು, "ಎಷ್ಟಾಯ್ತು?" ಎಂದು ಕೇಳುತ್ತಿದ್ದ. "ನಾಲ್ಕು ಪುಟ" ಎನ್ನುತ್ತಿದ್ದೆ. ಬೀದಿಯಲ್ಲಿ ಸಿಕ್ಕ ಹೊಸ ಸಂಗತಿಯೊಂದನ್ನು ಜೇಬಿನಿಂದ ತೆಗೆದಂತೆ ತೆಗೆದು ಹೇಳುತ್ತಿದ್ದ. "ಸೇರಿಸ್ತೀನಿ" ಎನ್ನುತ್ತಿದ್ದೆ. ಬರೆಯಲಾಗುತ್ತಿಲ್ಲ ಎಂದು ಮೊದಲ ವಾರವೇ ಹೇಳಬಹುದಿತ್ತು. ಎರಡನೆಯ ವಾರ ಸ್ವಲ್ಪ ಕಷ್ಟವಿತ್ತು. ಆಮೇಲೆ ದಿನಕ್ಕೆ ನಾಲ್ಕು ಪುಟದಂತೆ ಕಷ್ಟ ಬೆಳೆಯಿತು. ಅವನು ಹೋಗುವ ಹೊತ್ತಿಗೆ ಸುಮಾರು ಮೂರು ಸಾವಿರ ಪುಟ. ಅಷ್ಟು ದಪ್ಪ ಪುಸ್ತಕವನ್ನು ಅವನು ನಂಬಿದನೇ?

ನನಗೆ ಬೇಕಾದ ಉತ್ತರ ಇದೊಂದೇ. ಐದನೆಯದು ಆ ದಿನದ ಸುಳ್ಳಾಗಿದ್ದರೆ, ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಟೀ ಇಟ್ಟು ಹೋಗುತ್ತಿದ್ದ. ಸುಳ್ಳಲ್ಲದಿದ್ದರೆ, ನಂಬಿಕೊಂಡೇ ಹೋದ. ಎರಡರಲ್ಲಿ ಯಾವುದಾದರೆ ಒಳ್ಳೆಯದು ಎಂದು ನೀವು ಕೇಳಬಹುದು. ಕೇಳಬೇಡಿ. ಗುಂಪು ಮುಂದೆ ನಡೆಯಲಿ.

5

ನಗರಸಭೆಯ ಹಳೆಯ ಕಡತಗಳ ಕೋಣೆಯಲ್ಲಿ ನಾಲ್ಕು ವಾರ ಕೂತೆ. ಎರಡು ವರ್ಷದಲ್ಲಿ ಮೊದಲ ಸಲ ಕೈಗೆ ಧೂಳು ಹತ್ತಿತು. ಗಡಿಯಾರದ ಠರಾವು ಸಿಕ್ಕಿತು, ನಿಜ. ಬಾವಿ ಇರುವ ನಕ್ಷೆ, ನಿಜ. ದೋಣಿಗಳ ಫೋಟೊ, ನಿಜ. ಚಿತ್ರಮಂದಿರದ ಪ್ಲಾನಿನಲ್ಲಿ ಎರಡು ಬಾಗಿಲು, ಒಂದು ಉದ್ದ ಬೆಂಚು. ಅದೂ ನಿಜ.

ಹಾಗಾದರೆ ಐದನೆಯದೇ ಸುಳ್ಳು ಎನ್ನುತ್ತೀರಿ. ನಾನೂ ಎಂದೆ. ಕಡತ ಮುಚ್ಚಿ, ಮೆಟ್ಟಿಲಿಳಿದು, ಬೀದಿ ದಾಟುವಾಗ ಹೊಳೆಯಿತು. ಸ್ಟಾಪ್ ಏಳು. ಅವನು ಮುಗಿಸಿದ್ದು ಐದು, ಅದೂ ಅರ್ಧ. ಆ ದಿನದ ಸುಳ್ಳನ್ನು ಆರಕ್ಕೋ ಏಳಕ್ಕೋ ಎತ್ತಿಟ್ಟಿದ್ದರೆ?

ಬೇಕರಿಯ ಅಕ್ಕನನ್ನು ಕೇಳಿದೆ. ಮೂರನೆಯ ಸ್ಟಾಪ್ ಅವಳದು. ಒಂಬತ್ತು ವರ್ಷ ಅವನನ್ನು ದಿನಾ ನೋಡಿದವಳು.

"ಆವತ್ತಿನ ಸುಳ್ಳು ಯಾವುದು ಅಂತ ನಿಮಗೇನಾದ್ರೂ ಹೇಳಿದ್ನಾ ಅಕ್ಕ?"

"ಅವನು ಯಾವತ್ತು ಹೇಳ್ದ? ಬಂದವರ ಮುಖ ನೋಡಿ ಆರಿಸ್ತೀನಿ ಅಂತಿದ್ದ."

"ಸುಳ್ಳನ್ನ ಯಾವತ್ತಾದ್ರೂ ಇಲ್ಲಿ ಹೇಳ್ತಿದ್ನಾ?"

"ಇಲ್ಲೆಲ್ಲಿ ಹೇಳ್ತಾನೆ? ನಮ್ಮ ಓವನ್ ಇನ್ನೂರು ವರ್ಷದ್ದು ಅಂತ ನಿಮ್ಮ ಮಾಲೀಕರು ಬೋರ್ಡು ಹಾಕ್ಸಿದ್ದಾರಲ್ಲ! ಅದರ ಪಕ್ಕ ಇನ್ನೊಂದಕ್ಕೆ ಜಾಗ ಎಲ್ಲಿದೆ?"

ಓವನ್ನಿನ ಪ್ಲಗ್ ಅವಳ ಬೆನ್ನ ಹಿಂದೆ ಕಾಣುತ್ತಿತ್ತು. (ಕಂಪನಿಯ ಸುಳ್ಳುಗಳನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹಿಡಿದಿದ್ದರೆ ಬನ್ ಸಾಲುತ್ತಿರಲಿಲ್ಲ.)

"ಅದೇನೋ ಬರೀತಿದ್ದೀಯಂತೆ," ಎಂದಳು. "ಅದರಲ್ಲಿ ನಾನಿದ್ದೀನಾ?"

"ಇದ್ದೀರಿ."

"ದಪ್ಪಗಿದ್ದೀನಿ ಅಂತ ಬರೀಬೇಡ. ಕಥೆಗಳಲ್ಲಿ ಬೇಕರಿಯವಳು ಅಂದ್ರೆ ದಪ್ಪಗೇ ಇರ್ಬೇಕಾ?"

ಓದುಗರೇ, ಬೇಕರಿಯ ಅಕ್ಕ ಗಾಳಿ ಬಂದರೆ ಹಾರಿಹೋಗುವಷ್ಟು ತೆಳ್ಳಗಿದ್ದಾಳೆ.

5, ಅತ್ತೆಯ ತಕರಾರು

ಇಲ್ಲಿಯವರೆಗೆ ಬರೆದದ್ದನ್ನು ಅತ್ತೆ ಓದಿದರು. ಅಡುಗೆಮನೆಯಲ್ಲಿ ಕೂತು, ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಬಟಾಣಿ.

"ಇದರಲ್ಲಿ ನಾನು ಅಡುಗೆಮನೆಯಿಂದ ಕೂಗ್ತೀನಿ, ಅಷ್ಟೆ. ಹೆತ್ತ ತಾಯಿ ಕಣೇ ನಾನು. ಅಳೋದೇ ಇಲ್ವಲ್ಲ?"

"ನೀವು ಅತ್ತಿದ್ದನ್ನ ನಾನು ನೋಡ್ಲಿಲ್ಲ ಅತ್ತೆ."

"ನೀನು ಅತ್ತಿದ್ದನ್ನ ನಾನೂ ನೋಡ್ಲಿಲ್ಲ." ಸ್ವಲ್ಪ ಹೊತ್ತು ಬಟಾಣಿ ಸುಲಿದರು. "ಸರಿ, ಇಬ್ಬರದೂ ಬಿಟ್ಬಿಡು."

"ನಾನು ಬರೀತಿರಲಿಲ್ಲ ಅಂತ ನಿಮಗೆ ಗೊತ್ತಿತ್ತಾ?"

ಅತ್ತೆ ಒಂದು ಸಿಪ್ಪೆ ಎತ್ತಿ ತೋರಿಸಿದರು. "ನಮ್ಮ ಗೋಡೆ ಇಷ್ಟು ದಪ್ಪ. ಎರಡು ವರ್ಷದಲ್ಲಿ ಒಂದು ಕೀ ಒತ್ತಿದ ಸದ್ದು ಇಲ್ಲ. ನಾನೇನು ಕಿವುಡಿಯಾ?"

"ಅವನಿಗೆ ಹೇಳಿದ್ರಾ?"

"ಒಂದ್ಸಲ ಹೇಳೋಕೆ ಹೋದೆ. ಬಾಯಿ ತೆಗೆಯೋಷ್ಟರಲ್ಲಿ, 'ಅಮ್ಮಾ, ಸದ್ದು ಮಾಡ್ಬೇಡ, ಬರೀತಿದ್ದಾಳೆ' ಅಂದ."

"ಹೇಗಂದ?"

"ಮೆಲ್ಲಗೆ."

"ಮೆಲ್ಲಗೆ ಅಂದ್ರೆ? ನಂಬಿದವನ ಥರಾನಾ, ಗೊತ್ತಿದ್ದವನ ಥರಾನಾ?"

"ಸದ್ದು ಮಾಡ್ಬೇಡ ಅನ್ನೋನು ಇನ್ನು ಹೇಗಂತಾನೆ? ಮೆಲ್ಲಗೇ ಅಂತಾನೆ." ಬಟ್ಟಲನ್ನು ನನ್ನ ಕಡೆ ತಳ್ಳಿದರು. "ಸುಮ್ನೆ ಕೂತ್ಕೊಂಡು ಪ್ರಶ್ನೆ ಕೇಳೋ ಬದಲು ನಾಲ್ಕು ಬಟಾಣಿ ಸುಲಿ."

ಕೊನೆಗಳು

ಅ. ಅವನ ಕೋಟಿನ ಜೇಬಿನಲ್ಲಿ ಒಂದು ಚೀಟಿ ಸಿಗುತ್ತದೆ: "ಇಂದಿನ ಸುಳ್ಳು". ಕೆಳಗೆ ಉತ್ತರ. (ಜೇಬು ನೋಡಿದೆ. ಪೆಪ್ಪರ್‌ಮಿಂಟಿನ ಕಾಗದ ಸಿಕ್ಕಿತು. ಎರಡೂ ಕಡೆ ನೋಡಿದೆ.)

ಆ. ಐದರ ಮುಂದೆ ಗುರುತು ಹಾಕಿ ಭೂಗೋಳದ ಮೇಡಂಗೆ ಕಳಿಸುತ್ತೇನೆ. ಅವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. (ಲಕೋಟೆ ಫ್ರಿಜ್ಜಿನ ಮೇಲಿದೆ.)

ಇ. ಮಾಲೀಕರಿಗೆ ಇಷ್ಟವಾದದ್ದು. ಇಪ್ಪತ್ತಮೂರನೆಯ ಮೆಟ್ಟಿಲ ಮೇಲೆ ನಾನು ಅಳುತ್ತೇನೆ. ಗುಂಪೂ ಅಳುತ್ತದೆ. ಸೂಪ್ ಬಿಸಿಯಾಗಿರುತ್ತದೆ. ಐದು ಸ್ಟಾರ್.

ಮೂರನ್ನೂ ಬರೆದು ನೋಡಿದೆ. ಮೂರರಲ್ಲೂ ಯಾರೋ ಒಬ್ಬರಿಗೆ ಸಮಾಧಾನವಾಗುತ್ತದೆ. ಆ ಒಬ್ಬರು ನಾನಲ್ಲ.

6

ನನ್ನ ಮೊದಲ ನಡಿಗೆಗೆ ಹನ್ನೊಂದು ಜನ ಬಂದರು. ಗಡಿಯಾರ ಗೋಪುರದ ಕೆಳಗೆ ನಿಂತು ಶೌಚಾಲಯ ತೋರಿಸಿದೆ. ಆರು ಜನ ಹೋಗಿ ಬಂದರು. ಹಿಂದೆ ಒಬ್ಬ ವಯಸ್ಸಾದ ಹೆಂಗಸು ನೋಟ್‌ಬುಕ್ ಹಿಡಿದು ನಿಂತಿದ್ದರು. ಹೆಸರಿನ ಪಟ್ಟಿ ನೋಡುವ ಮೊದಲೇ ಅಕ್ಷರ ನೋಡಿ ಗುರುತು ಸಿಕ್ಕಿತು.

"ಮತ್ತೆ ಬಂದಿದ್ದೀರಾ ಮೇಡಂ?"

"ನನಗೆ ಇನ್ನೂ ಎರಡು ಸ್ಟಾಪ್ ಬಾಕಿ ಇದೆಯಮ್ಮ," ಎಂದರು ಭೂಗೋಳದ ಮೇಡಂ. "ಲಕೋಟೆ ವಾಪಸ್ ಬರ್ಲಿಲ್ಲ. ಅದಕ್ಕೆ ನಾನೇ ಬಂದೆ."

ಗಡಿಯಾರ, ಬಾವಿ, ದೋಣಿ, ಬೆಂಚು. ಎಲ್ಲವನ್ನೂ ಹೇಳಿದೆ. ಬಾವಿಗೆ ಬಿದ್ದು ತೋರಿಸಲಿಲ್ಲ. ಮೆಟ್ಟಿಲುಗಳ ಬಳಿ ಬಂದಾಗ ಎಣಿಸಿಕೊಂಡು ಹತ್ತಲು ಹೇಳಿದೆ. ಇಪ್ಪತ್ತಮೂರರಲ್ಲಿ ನಿಂತೆ. ಕಲ್ಲು ಉಳಿದವುಗಳಂತೆಯೇ ಇತ್ತು, ಅಂಚು ಸ್ವಲ್ಪ ಸವೆದಿತ್ತು. ಅಲ್ಲಿ ಏನೋ ಆಗುತ್ತದೆ ಎಂದುಕೊಂಡಿದ್ದೆ. ಮೊಣಕಾಲು ನೋಯಿತು, ಅಷ್ಟೆ.

ಕೆಳಗೆ ಮಾಲೀಕರು ಫೋನ್ ಎತ್ತಿ ಹಿಡಿದಿದ್ದರು. ಒಂದು ಬೆರಳು ತೋರಿಸಿದರು. ಒಂದು ನಿಮಿಷ, ಮೌನ, ಈಗ.

ನಾನು ಮಾತಾಡಿದೆ. "ಈ ಊರಿನ ಬಗ್ಗೆ ಒಬ್ಬಳು ಪುಸ್ತಕ ಬರೀತಿದ್ದಾಳೆ. ಈ ಮೆಟ್ಟಿಲಿಗೇ ಒಂದು ಅಧ್ಯಾಯ ಇದೆ. ಅದರ ಮೊದಲ ಸಾಲು ಹೀಗಿದೆ."

ಅಲ್ಲಿಗೆ ಮಾತು ನಿಂತಿತು. ಅವನದು ನಿಂತದ್ದೂ ಅಲ್ಲೇ. ಹನ್ನೊಂದು ಜನ ಕಾದರು. ಮುಂದಿದ್ದ ಒಬ್ಬರು ಎರಡು ಕೈಗಳನ್ನೂ ಮೆಲ್ಲಗೆ ಎತ್ತಿದರು, ಚಪ್ಪಾಳೆ ತಟ್ಟುವವರ ಹಾಗೆ.

"ನಡಿಗೆಯನ್ನು ಶೌಚಾಲಯ ಇರುವ ಕಡೆಯಿಂದ ಶುರು ಮಾಡಬೇಕು," ಎಂದೆ, ಅವಸರವಾಗಿ.

ಜನ ನಕ್ಕರು. ಮಾಲೀಕರ ಬೆರಳು ಕೆಳಗಿಳಿಯಿತು. ಭೂಗೋಳದ ಮೇಡಂ ಮಾತ್ರ ನಗಲಿಲ್ಲ. ಎರಡು ಚುಕ್ಕಿಯ ಮುಂದೆ ಅದನ್ನು ಬರೆದುಕೊಂಡರು. ಪೆನ್ನು ಎತ್ತಿ ನನ್ನನ್ನು ನೋಡಿದರು.

"ಪುಸ್ತಕದ ವಿಷಯ. ಅದೇ ಸುಳ್ಳಾ?"

(ಓದುಗರೇ, ನೀವೂ ಇದನ್ನೇ ಕೇಳುತ್ತಿದ್ದೀರಿ, ಗೊತ್ತು. ಕೊನೆ ಸ್ಪಷ್ಟವಾಗಲಿಲ್ಲ ಎಂದು ಬರೆಯುವವರಿದ್ದರೆ ಬರೆಯಿರಿ. ಮೂರು ಸ್ಟಾರ್ ಸಾಕು.)

"ಇನ್ನೂ ಎರಡು ಸ್ಟಾಪ್ ಇದೆ ಮೇಡಂ," ಎಂದೆ. ಛತ್ರಿ ಎತ್ತಿ, ಇಪ್ಪತ್ತನಾಲ್ಕನೆಯ ಮೆಟ್ಟಿಲ ಮೇಲೆ ಕಾಲಿಟ್ಟೆ.