ಬಿಳಿಯ ಮೇಲೆ ಬಿಳಿ

ಸಂಜೆಗೆ ಹಡಗು ಪಿರೇಯಸ್ ಬಂದರು ಸೇರಬೇಕಿತ್ತು. ದ್ವೀಪಗಳ ಸುತ್ತಾಟದ ಕೊನೆಯ ದಿನವಾದ್ದರಿಂದ ಪ್ರಯಾಣಿಕರು ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿದ್ದರು. ಎವಾಂಥಿಯಾ ಮಾತ್ರ ಬೆಳಗಿನಿಂದ ಮೇಲಿನ ಡೆಕ್ಕಿನ ಕಟಕಟೆ ಹಿಡಿದು ನಿಂತಿದ್ದಳು.

ಈ ಪ್ರವಾಸಕ್ಕೆ ಅವಳ ಜೊತೆ ಬರಬೇಕಾಗಿದ್ದವನು ಗಂಡ ಇಸಿದೊರೊಸ್. ಬದುಕಿನುದ್ದಕ್ಕೂ ಸರಕಿನ ಹಡಗುಗಳಲ್ಲಿ ಚುಕ್ಕಾಣಿ ಹಿಡಿದವನು. "ಒಂದ್ಸಲ ನಾವಿಬ್ರೂ ಕೈಕಟ್ಟಿ ಕೂತು ಹೋಗೋಣ, ಬೇರೆ ಯಾರಾದ್ರೂ ನಡೆಸ್ಲಿ," ಎಂದು ಟಿಕೆಟ್ ತಂದಿಟ್ಟಿದ್ದ. ಚಳಿಗಾಲ ಕಳೆಯುವ ಮೊದಲೇ ದೇವರು ಅವನನ್ನು ಕರೆಸಿಕೊಂಡ. ಅವನ ಜಾಗದಲ್ಲಿ ಅವನ ತಂಗಿ ಮರೂಸೊ ಬಂದಿದ್ದಳು.

ಇಡೀ ಪ್ರವಾಸದಲ್ಲಿ ಎವಾಂಥಿಯಾ ಯಾವ ದ್ವೀಪವನ್ನೂ ಮನಸ್ಸಿಟ್ಟು ನೋಡಿರಲಿಲ್ಲ. ಇಳಿದಲ್ಲೆಲ್ಲ ಇಗರ್ಜಿ ಹುಡುಕಿ, ಗಂಡನ ಹೆಸರಿನಲ್ಲಿ ಮೇಣದಬತ್ತಿ ಹಚ್ಚಿ ಹಿಂತಿರುಗುತ್ತಿದ್ದಳು. ಅವಳು ಕಾದಿದ್ದುದು ಈ ದಿನಕ್ಕೆ. ಪಿರೇಯಸ್ಸಿನ ದಾರಿಯಲ್ಲಿ ಹಡಗು ಅವಳ ಸ್ವಂತ ಊರಿನ ಮುಂದೆಯೇ ಹಾಯುವುದಿತ್ತು.

ಇಸಿದೊರೊಸನ ಹಡಗು ಆ ದಾರಿಯಲ್ಲಿ ಬಂದಾಗಲೆಲ್ಲ ಮೂರು ಸಲ ಕೂಗು ಹಾಕುತ್ತಿತ್ತು. ಕೇಳಿದ್ದೇ ತಡ, ಎವಾಂಥಿಯಾ ನಾದುತ್ತಿದ್ದ ಹಿಟ್ಟನ್ನು ಹಾಗೇ ಬಿಟ್ಟು, ಮದುವೆಯ ಬಿಳಿ ದುಪ್ಪಟಿ ಎತ್ತಿಕೊಂಡು ಮಾಳಿಗೆ ಹತ್ತಿ, ಹಡಗು ಮರೆಯಾಗುವವರೆಗೂ ಬೀಸುತ್ತಿದ್ದಳು. ಆ ಊರಿನ ನಾವಿಕರ ಹೆಂಡಂದಿರೆಲ್ಲ ಮಾಡುತ್ತಿದ್ದುದು ಅದನ್ನೇ. ರಜೆಗೆ ಬಂದಾಗ ಅವನು ಹೊಸಿಲು ದಾಟುವ ಮುಂಚೆಯೇ ಹೇಳುತ್ತಿದ್ದ: "ನೋಡ್ದೆ ಕಣೇ, ನಿನ್ನ ದುಪ್ಪಟಿ ನೋಡ್ದೆ."

ಒಂದು ವರ್ಷ ಅವಳು ಜ್ವರದಿಂದ ಏಳಲಾರದೆ ಮಲಗಿದ್ದಳು. ಕೂಗು ಕೇಳಿಸಿತು, ಮಾಳಿಗೆ ಹತ್ತಲಾಗಲಿಲ್ಲ. ಆ ಸಲವೂ ಅವನು ಬಂದು "ನೋಡ್ದೆ ಕಣೇ" ಎಂದ. ಅವಳು ನಕ್ಕಳು. ಆದರೆ ಅಂದು ಹೊಕ್ಕ ಮುಳ್ಳು ಹೊರಬರಲಿಲ್ಲ. ಆ ಒಂದು ಸಲ ಮಾತ್ರ ಸುಳ್ಳೋ, ಎಲ್ಲ ಸಲವೂ ಸುಳ್ಳೋ? ಅವನಿದ್ದಾಗ ಕೇಳಲು ಬಾಯಿ ಬರಲಿಲ್ಲ. ಈಗ ಕೇಳೋಣವೆಂದರೆ ಅವನಿಲ್ಲ. ಅವನು ನೋಡುತ್ತಿದ್ದ ಕಡೆಯಿಂದ ತಾನೇ ನೋಡಿದರೆ ತಿಳಿದೀತು ಎಂದುಕೊಂಡು, ಈ ದಿನ ದುಪ್ಪಟಿಯನ್ನು ಮಾಳಿಗೆಯ ಹಗ್ಗದ ಮೇಲೆ ಹರವಬೇಕೆಂದು ಪಕ್ಕದ ಮನೆಯವಳಿಗೆ ಹೇಳಿ ಬಂದಿದ್ದಳು.

"ಅತ್ತಿಗೆ, ನೀನು ಬಿಟ್ರೆ ಕಟಕಟೆ ಏನೂ ಬಿದ್ದುಹೋಗಲ್ಲ. ತಗೋ, ತಿನ್ನು." ಮರೂಸೊ ಎಳ್ಳಿನ ರೊಟ್ಟಿ ಹಿಡಿದು ಬಂದಳು.

"ಬುಧವಾರ ಕಣೆ, ಉಪವಾಸ."

"ಇದಕ್ಕೆ ಬೆಣ್ಣೆ ಸೋಕಿಲ್ಲ. ಪಾದ್ರಿಗಳೇ ತಿಂತಾರೆ, ನಿನ್ನದೇನು ಅವರಿಗಿಂತ ಹೆಚ್ಚಿನ ಮಡಿ?"

"ಸುಮ್ನಿರು. ಬಂತು ನೋಡು."

ಕಂದು ಗುಡ್ಡದ ಮೇಲೆ ಊರು ಕಾಣಿಸಿತು. ಈಸ್ಟರ್ ಬಂತೆಂದರೆ ಗೋಡೆ, ಮೆಟ್ಟಿಲು, ಮಾಳಿಗೆ ಯಾವುದನ್ನೂ ಬಿಡದೆ ಸುಣ್ಣ ಬಳಿಯುವ ಊರು. ಕಡಲಿನಿಂದ ನೋಡಿದರೆ ಯಾರೋ ಒಂದು ಮೂಟೆ ಉಪ್ಪು ಸುರಿದಂತಿತ್ತು. ಎವಾಂಥಿಯಾ ಕಣ್ಣು ಕಿರಿದು ಮಾಡಿ ನೋಡಿದಳು. ಕನ್ನಡಕ ಒರೆಸಿಕೊಂಡು ನೋಡಿದಳು. ದುಪ್ಪಟಿಯಿರಲಿ, ತನ್ನ ಮನೆ ಯಾವುದೆಂದೇ ತಿಳಿಯಲಿಲ್ಲ.

"ದೇವಮಾತೆ! ಬಿಳೀ ಗೋಡೆ ಮುಂದೆ ಬಿಳೀ ದುಪ್ಪಟಿ! ಊರಿನ ಹೆಂಗಸರಲ್ಲಿ ಒಬ್ಬರಿಗೂ ಹೊಳೀಲಿಲ್ವಲ್ಲೇ!"

"ಗಂಡಸರಿಗೆ ಗೊತ್ತಿತ್ತು," ಎಂದಳು ಮರೂಸೊ ಮೆಲ್ಲಗೆ.

"ಏನಂದೆ?"

"ಅಣ್ಣ ನನ್ನ ಹತ್ರ ಹೇಳಿದ್ದ, ಏನೂ ಕಾಣಲ್ಲ ಅಂತ. ಕೆಂಪು ಕಂಬಳಿ ಬೀಸೋಕೆ ಹೇಳು ಅಂದೆ. ಬೇಡ, ಇಷ್ಟು ವರ್ಷ ಮಾಳಿಗೆ ಹತ್ತಿದ್ದೆಲ್ಲ ದಂಡ ಅಂತ ಅಳ್ತಾಳೆ ಅಂದ."

"ಮತ್ತೆ ನೋಡ್ದೆ ನೋಡ್ದೆ ಅಂತಿದ್ನಲ್ಲ, ಏನು ನೋಡ್ತಿದ್ದ?"

"ಊರನ್ನ. ಯಾವ ಬಿಳುಪು ನಿಂದು ಅಂತ ಗೊತ್ತಾಗ್ತಿರ್ಲಿಲ್ವಂತೆ. ಅದಕ್ಕೆ ಅಷ್ಟೂ ನಿಂದೇ ಅಂದ್ಕೊಳ್ತಿದ್ನಂತೆ, ಗುಡ್ಡದ ತುಂಬ ನೀನೇ ದುಪ್ಪಟಿ ಹರವಿದೀಯ ಅಂತ. ಟೋಪಿ ತೆಗೆದು ಶಿಲುಬೆ ಗುರುತು ಹಾಕ್ಕೊಳ್ತಿದ್ನಂತೆ."

ಎವಾಂಥಿಯಾಗೆ ಇಗರ್ಜಿ ನೆನಪಾಯಿತು. ಪೂಜೆಯ ಹೊತ್ತಿನಲ್ಲಿ ತೆರೆ ಎಳೆದ ಮೇಲೆ ಪಾದ್ರಿ ಒಳಗೇನು ಮಾಡುತ್ತಾನೆಂದು ಯಾರಿಗೂ ಕಾಣುವುದಿಲ್ಲ. ಆದರೂ ಎಲ್ಲರೂ ಎದ್ದು ನಿಂತು ತಲೆ ಬಾಗುತ್ತಾರೆ. ಅದನ್ನು ಸುಳ್ಳೆನ್ನಲಾದೀತೆ? ಹಾಗಾದರೆ ಜ್ವರದ ಆ ವರ್ಷವೂ ಅವನು ನೋಡಿದ್ದ.

ಈಗ ಅವನು ಆ ಗುಡ್ಡದ ನೆತ್ತಿಯಲ್ಲಿ, ಸೈಪ್ರೆಸ್ ಮರಗಳ ಕೆಳಗೆ ಮಲಗಿದ್ದಾನೆ. ಅಲ್ಲಿಂದ ಕಡಲು ಚೆನ್ನಾಗಿ ಕಾಣುತ್ತದೆ.

"ಮರೂಸೊ, ಈ ಹಡಗು ಯಾವ ಬಣ್ಣ?"

"ಕಣ್ಣೂ ಹೋಯ್ತಾ? ಬಿಳಿ."

ಎವಾಂಥಿಯಾ ತಲೆಗೆ ಕಟ್ಟಿದ್ದ ಕಪ್ಪು ವಸ್ತ್ರದ ಗಂಟು ಬಿಚ್ಚಿದಳು. ಅವನನ್ನು ಮಣ್ಣು ಮಾಡಿದಂದಿನಿಂದ ಹೊರಗೆಲ್ಲೂ ಅದನ್ನು ತೆಗೆದವಳಲ್ಲ. ನರೆಗೂದಲು ಗಾಳಿಗೆ ಕೆದರಿತು.

"ಅತ್ತಿಗೇ! ಜನ ನೋಡ್ತಾರೆ!"

"ಒಬ್ಬ ನೋಡ್ಲಿ ಅಂತಾನೇ ಕಣೇ. ಬಿಳಿ ಮೇಲೆ ಕಪ್ಪು. ಈ ಸಲ ಕಾಣಲ್ಲ ಅನ್ನೋ ಹಾಗಿಲ್ಲ."

ಅವಳು ಕೈ ಮೇಲೆತ್ತಿ ಬೀಸತೊಡಗಿದಳು. ಮರೂಸೊ ಒಂದು ಗಳಿಗೆ ನೋಡಿದಳು.

"ಹಡಗು ಕೂಗ್ಲೇ ಇಲ್ಲವಲ್ಲ, ಅಣ್ಣನಿಗೆ ಗೊತ್ತಾಗೋದು ಹೇಗೆ?" ಎಂದು ರೊಟ್ಟಿಯನ್ನು ಬೆಂಚಿನ ಮೇಲಿಟ್ಟು, ಎರಡೂ ಕೈ ಬಾಯಿಗೆ ಹಿಡಿದು, ಎದೆ ತುಂಬ ಉಸಿರೆಳೆದು ಮೂರು ಸಲ ಕೂಗಿದಳು. ಪಕ್ಕದಲ್ಲಿ ಕುಳಿತಿದ್ದ ಜರ್ಮನ್ ದಂಪತಿ ಬೆಚ್ಚಿಬಿದ್ದು ಕಾಫಿ ಚೆಲ್ಲಿಕೊಂಡರು.

ಎವಾಂಥಿಯಾ ನಗುತ್ತಿದ್ದಳು, ಕಣ್ಣೀರು ಒರೆಸಿಕೊಳ್ಳಲೂ ಕೈ ಇಳಿಸಲಿಲ್ಲ. ಊರು ಒಂದು ಚಿಟಿಕೆ ಉಪ್ಪಿನಷ್ಟಾಗುವವರೆಗೂ ಬೀಸುತ್ತಲೇ ಇದ್ದಳು.